ಒಂದೂವರೆ ವರ್ಷದ ‘ದೊಡ್ಡವಳು’

ಈ ವರ್ಷದ ಸಂಚಿಕೆಗೆ ಏನಾದ್ರೂ ಬರೆದು ಕೊಡಿ ಅಕ್ಕಾ ಅಂತ ಸಂಘದ ಹುಡುಗರು ಕೇಳಿದಾಗ “ನಾನೇನು ಬರೀಲಿ, ಡೈಪರ್ ಬಗ್ಗೆ ಬರೀಲಾ?” ಅಂದಿದ್ದೆ. ತಮಾಷೆಗೆ ಅಂದ ಮಾತು. ಅವರು ನಿಜ ಅಂತಲೇ ತಿಳ್ಕೊಂಡು “ಬರೀರಿ ಅಕ್ಕಾ, ಇದುವರೆಗೂ ಯಾರೂ ಬರೆದಿಲ್ಲ” ಅಂದುಬಿಟ್ಟರು. ಹಾಗಾಗಿ ಗೊಟಿಂಗೆನ್‌ನ ಚಳಿ, ಪ್ರೊಫೆಸರ್ ಕಾಟ, ಮನೆ ಹುಡುಕಾಟ ಇವುಗಳ ಬಗ್ಗೆ ಓದಬೇಕು ಅಂದುಕೊಂಡವರು ಮುಂದಿನ ಪುಟಕ್ಕೆ ಹೋಗಬಹುದು. ನನ್ನದು ಮಕ್ಕಳ ಕಥೆ.

ನನಗೆ ಇಬ್ಬರು ಮಕ್ಕಳು. ಮಗಳು ಹುಟ್ಟಿದ್ದು 2022ರ ಮೇ ತಿಂಗಳಲ್ಲಿ, ಮಗ 2023ರ ಅಕ್ಟೋಬರ್ 17ಕ್ಕೆ. ನಡುವೆ ಹದಿನೇಳು ತಿಂಗಳು. ನಮ್ಮ ಕಡೆ ಇದಕ್ಕೆ ‘ಬೆನ್ನಿಗೆ ಬಿದ್ದ ಮಗು’ ಅಂತಾರೆ. ಪ್ಲಾನ್ ಮಾಡಿದ್ರಾ ಅಂತ ಎಲ್ಲರೂ ಕೇಳ್ತಾರೆ, ಕೆಲವರು ಬಾಯಿಬಿಟ್ಟು, ಕೆಲವರು ಕಣ್ಣಲ್ಲೇ. ಇಲ್ಲ, ಮಾಡಿರಲಿಲ್ಲ. ಮಗುಗೆ ಹಾಲು ಕುಡಿಸ್ತಿರೋವಾಗ ಬಸಿರು ನಿಲ್ಲಲ್ಲ ಅಂತ ಅಜ್ಜಿ ಕಾಲದಿಂದ ಕೇಳಿಕೊಂಡು ಬಂದ ಮಾತನ್ನ, ಲ್ಯಾಬಿನಲ್ಲಿ ಕೂತು ಬಯಾಲಜಿ ಮಾಡುವ ನಾನು, ಯಾವ ಪುರಾವೆಯನ್ನೂ ಕೇಳದೆ ನಂಬಿಬಿಟ್ಟಿದ್ದೆ. ಆ ಮಾತು ನಿಜವಾಗೋದು ಮೂರು ಷರತ್ತಿನ ಮೇಲೆ: ಮಗುಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ತಾಯಿಹಾಲು ಬಿಟ್ಟು ಬೇರೇನೂ ಕೊಡ್ತಿರಬಾರದು, ತಾಯಿಗೆ ಮುಟ್ಟು ಮತ್ತೆ ಶುರುವಾಗಿರಬಾರದು. ಮಗಳಿಗೆ ಆಗ ಎಂಟು ತಿಂಗಳಾಗಿತ್ತು, ರಾಗಿ ಸರಿ ತಿಂತಿದ್ದಳು. ಒಂದು ಹೆರಿಗೆ ಆದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳು ಬಿಡೋದು ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ ಅನ್ನೋದನ್ನೂ ಡಾಕ್ಟರ್ ಸ್ಕ್ಯಾನ್ ಮಾಡ್ತಾ ಮಾಡ್ತಾ ತಿಳಿಸಿದರು. ಆಗ ತಿಳಿದು ಏನು ಪ್ರಯೋಜನ!

ಮಗ ಹುಟ್ಟಿದ ದಿನ ಊರಿಗೆ ವಿಡಿಯೋ ಕಾಲ್ ಮಾಡಿದ್ವಿ. “ದೊಡ್ಡವಳು ಏನ್ಮಾಡ್ತಿದಾಳೆ?” ಅಂತ ಅಮ್ಮ ಕೇಳಿದರು. ಒಂದು ಕ್ಷಣ ಯಾರ ಬಗ್ಗೆ ಕೇಳ್ತಿದಾರೆ ಅಂತ ಗೊತ್ತಾಗಲಿಲ್ಲ. ಹಿಂದಿನ ದಿನದ ತನಕ ಅವಳು ‘ಪಾಪು’. ಇವತ್ತು ದೊಡ್ಡವಳು. ಪಕ್ಕದಲ್ಲಿದ್ದ ಅಜ್ಜಿ ಮಾತ್ರ, ಹಲ್ಲಿಲ್ಲದ ಬಾಯಲ್ಲಿ ನಗುತ್ತಾ, “ಒಂದೂವರೆ ವರ್ಷಕ್ಕೇ ದೊಡ್ಡವಳಾದ್ಲಾ? ಹಂಗಾದ್ರೆ ಆರತಿ ಮಾಡ್ರೇ” ಅಂದರು. ಎಲ್ಲರೂ ನಕ್ಕೆವು. ಆದರೆ ಹೆಸರು ಹಾಗೇ ನಿಂತಿತು. ನಾನೂ ಅವತ್ತಿನಿಂದ ಅವಳನ್ನ ದೊಡ್ಡವಳು ಅಂತಲೇ ಕರೆಯೋಕೆ ಶುರು ಮಾಡಿದೆ. ಬರೀ ಕರೆದಿದ್ದರೆ ಪರವಾಗಿರಲಿಲ್ಲ.

ಮೊದಲ ಬಾಣಂತನ ಹೇಗಿತ್ತು ಅನ್ನೋದನ್ನ ಸ್ವಲ್ಪ ಹೇಳಬೇಕು. ಆಗ ಅಮ್ಮ ಬಂದಿದ್ದರು. ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು ತಾನೇ, ಅಮ್ಮ 88 ದಿನ ಇದ್ದರು. ಮಧುಗಿರಿಯಿಂದ ಬರೋವಾಗ ಬಜೆ, ಒಣಶುಂಠಿ, ಮೆಣಸು, ಸಾಮ್ರಾಣಿ, ಹರಳೆಣ್ಣೆ, ಹಳೇ ಹತ್ತಿ ಸೀರೆ ನಾಲ್ಕು, ರಾಗಿ ಹಿಟ್ಟು ಐದು ಕೆಜಿ ತಂದಿದ್ದರು. ಬಂದ ದಿನವೇ ಬಾತ್‌ರೂಮ್ ನೋಡಿ ಕೇಳಿದ ಪ್ರಶ್ನೆ: “ನೆಲದ ಮೇಲೆ ಬಿದ್ದ ನೀರು ಎಲ್ಲಿಂದ ಹೋಗುತ್ತೆ?” ಎಲ್ಲಿಂದಲೂ ಹೋಗಲ್ಲ. ಜರ್ಮನಿಯ ಬಾತ್‌ರೂಮಿನ ನೆಲಕ್ಕೆ ತೂತೇ ಇಲ್ಲ. ಕಾಲಿನ ಮೇಲೆ ಮಗು ಮಲಗಿಸಿಕೊಂಡು ಹಂಡೆ ನೀರು ಹುಯ್ಯುವ ಅಭ್ಯಾಸದವರಿಗೆ ಇದೊಂದು ದೊಡ್ಡ ಆಘಾತ. ಕೊನೆಗೆ ಟಬ್ಬಿನೊಳಗೆ ಸ್ಟೂಲ್ ಹಾಕಿಕೊಂಡು ಕೂತರು. ಸಾಮ್ರಾಣಿ ಹೊಗೆ ಹಾಕಿದ ದಿನ ಮಲಗುವ ಕೋಣೆಯ ಸ್ಮೋಕ್ ಅಲಾರಾಂ ಕಿರುಚಿಕೊಂಡು, ಕೆಳಗಿನ ಮನೆಯ ಮುದುಕಪ್ಪ ಚಪ್ಪಲಿ ಹಾಕದೇ ಓಡಿ ಬಂದಿದ್ದ. ಮಾರನೇ ದಿನದಿಂದ ಬಾಲ್ಕನಿಯಲ್ಲಿ ಹೊಗೆ.

ಎರಡನೇ ಸಲಕ್ಕೂ ಅಮ್ಮ ಬರಬೇಕಿತ್ತು. ಟಿಕೆಟ್ ಬುಕ್ ಆಗಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಅಪ್ಪನಿಗೆ ಎದೆನೋವು ಬಂದು, ಬೆಂಗಳೂರಿಗೆ ಕರೆದುಕೊಂಡು ಹೋಗಿ, ಬೈಪಾಸ್ ಆಯ್ತು. ಅಮ್ಮ ಫೋನಿನಲ್ಲಿ “ಇಬ್ಬರು ಪೇಷಂಟಲ್ಲಿ ಯಾರನ್ನ ನೋಡ್ಲಿ ಹೇಳು” ಅಂತ ಅತ್ತರು. ಅಪ್ಪನ್ನ ನೋಡ್ಕೋ ಅಂದೆ. ಅತ್ತೆಯವರು ಇಲ್ಲ, ತೀರಿಕೊಂಡು ಆರು ವರ್ಷ. ನಮ್ಮನೆಯವರು ಆಗಸ್ಟ್‌ನಲ್ಲಷ್ಟೇ ಕಾಸೆಲ್‌ನಲ್ಲಿ ಹೊಸ ಕೆಲಸಕ್ಕೆ ಸೇರಿದ್ದರು, ಆರು ತಿಂಗಳ ಪ್ರೊಬೇಷನ್. ತಂದೆಗೂ ಇಲ್ಲಿ ಪೇರೆಂಟಲ್ ಲೀವ್ ಹಕ್ಕಿದೆ, ಪ್ರೊಬೇಷನ್‌ನಲ್ಲೂ ಇದೆ. ಆದರೆ ಏಳು ವಾರ ಮುಂಚೆ ಬರೆದು ಕೊಡಬೇಕು. ಅಮ್ಮ ಬರ್ತಾರಲ್ಲ ಅಂತ ನಾವು ಬರೆದು ಕೊಟ್ಟಿರಲಿಲ್ಲ. ಹೊಸ ಕೆಲಸದಲ್ಲಿ ಕೇಳೋಕೆ ಸಂಕೋಚ ಬೇರೆ. ಅದು ನಮ್ಮ ತಪ್ಪು. ನಿಮ್ಮಲ್ಲಿ ಯಾರಿಗಾದರೂ ಈ ಪರಿಸ್ಥಿತಿ ಬಂದರೆ ಸಂಕೋಚವನ್ನ ಮಡಚಿ ಸೂಟ್‌ಕೇಸಿನಲ್ಲಿಡಿ. ಅವರಿಗೆ ಸಿಕ್ಕಿದ್ದು ಐದು ದಿನ ರಜೆ.

ಆರನೇ ದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಬಾಗಿಲು ಹಾಕಿದ ಸದ್ದಾಯಿತು. ಮನೇಲಿ ನಾವು ಮೂರೇ ಜನ.

ಸಣ್ಣವರಿದ್ದಾಗ ಹುಲಿ, ಮೇಕೆ, ಹುಲ್ಲಿನ ಹೊರೆ ಮೂರನ್ನೂ ದೋಣಿಯಲ್ಲಿ ಹೊಳೆ ದಾಟಿಸುವ ಒಗಟು ಬಿಡಿಸಿದ್ದೀರಲ್ಲ? ನಮ್ಮ ಮನೆ ಮೂರನೇ ಮಹಡಿಯಲ್ಲಿ, ಹಳೇ ಮರದ ಚೌಕಟ್ಟಿನ ಕಟ್ಟಡ, ಲಿಫ್ಟ್ ಇಲ್ಲ. ಕೆಳಗೆ ತಳ್ಳುಗಾಡಿ. ಮೇಲೆ ಎರಡು ಮಕ್ಕಳು ಮತ್ತು ಒಂದು ಚೀಲ. ಚಿಕ್ಕವನನ್ನ ಮೊದಲು ಕೆಳಗಿಟ್ಟು ಬಂದರೆ ಅವನೊಬ್ಬನೇ ಮೆಟ್ಟಿಲ ಬುಡದಲ್ಲಿ. ದೊಡ್ಡವಳನ್ನ ಮೊದಲು ಇಳಿಸಿದರೆ ಅವಳು ರಸ್ತೆಗೆ ಓಡ್ತಾಳೆ. ಇಬ್ಬರನ್ನೂ ಮೇಲೆ ಬಿಟ್ಟು ಗಾಡಿ ಬಿಚ್ಚೋಕೆ ಹೋದರೆ, ಮೇಲೆ ಯಾರು ಯಾರ ಮೇಲೆ ಕೂತಿರ್ತಾರೋ! ಒಗಟಿಗೆ ಉತ್ತರ ಕಂಡುಹಿಡಿದದ್ದು ಹೀಗೆ: ಚಿಕ್ಕವನನ್ನ ಉದ್ದನೆಯ ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಳ್ಳೋದು, ಚೀಲ ಬೆನ್ನಿಗೆ, ದೊಡ್ಡವಳ ಕೈ ಹಿಡ್ಕೊಂಡು ನಡೆಸೋದು. ಐವತ್ತೆರಡು ಮೆಟ್ಟಿಲು. ಇಳಿಯೋಕೆ ಹತ್ತು ನಿಮಿಷ, ಹತ್ತೋಕೆ ಇಪ್ಪತ್ತು. ಎರಡನೇ ಮಹಡಿಗೆ ಬರೋಷ್ಟರಲ್ಲಿ ಅವಳು ಎರಡೂ ಕೈ ಎತ್ತಿ “ಎತ್ತಿ, ಎತ್ತಿ” ಅಂತ ನಿಂತುಬಿಡುವಳು. “ನೀನು ದೊಡ್ಡವಳಲ್ವಾ, ಹತ್ತು ಬಂಗಾರ” ಅಂತಿದ್ದೆ. ಹೊಲಿಗೆ ಇನ್ನೂ ಮಾಗಿರಲಿಲ್ಲ, ಎತ್ತೋ ಶಕ್ತಿಯೂ ಇರಲಿಲ್ಲ. ಅವಳು ಕೂತ್ಕೊಂಡು, ತೆವಳಿಕೊಂಡು, ಅಂತೂ ಹತ್ತುತ್ತಿದ್ದಳು.

ಅವಳು ಹೋಗ್ತಿದ್ದ ಡೇಕೇರ್‌ಗೆ ಇಲ್ಲಿ ‘ಕೀಟಾ’ ಅಂತಾರೆ. ಮಗಳನ್ನ ಕೀಟಾಗೆ ಸೇರಿಸಿದ್ವಿ ಅಂದಾಗ ಅಜ್ಜಿ “ಯಾವ ಕೀಟ ಕಚ್ತು?” ಅಂತ ಗಾಬರಿಯಾಗಿದ್ದರು. ಒಂದರ್ಥದಲ್ಲಿ ಸರಿಯೇ. ಅಲ್ಲಿಂದ ವಾರಕ್ಕೊಂದು ಕೀಟಾಣು ಮನೆಗೆ ಬರ್ತಿತ್ತು. ಮೊದಲ ಚಳಿಗಾಲದಲ್ಲಿ ಅವಳು ಕೀಟಾಗೆ ಹೋದ ದಿನಕ್ಕಿಂತ ಮನೇಲಿದ್ದ ದಿನವೇ ಜಾಸ್ತಿ ಅನ್ಸುತ್ತೆ. ಅಷ್ಟೇ ಅಲ್ಲ, ಮೂರು ತಿಂಗಳೊಳಗಿನ ಮಗುಗೆ 38 ಡಿಗ್ರಿ ಜ್ವರ ಬಂದರೂ ಕಾಯದೆ ಆಸ್ಪತ್ರೆಗೆ ಬನ್ನಿ ಅಂತ ಹೇಳಿ ಕಳಿಸಿರ್ತಾರೆ. ಅಂದರೆ ಅಕ್ಕ ಸೀನಿದರೆ ತಮ್ಮನ ಹಣೆ ಮುಟ್ಟಿ ನೋಡಬೇಕು. ನಾನು ಅವಳನ್ನ ತಮ್ಮನ ಹತ್ತಿರ ಬಿಡ್ತಿರಲಿಲ್ಲ. “ದೂರ, ದೂರ, ಮುಟ್ಬೇಡ.” ದಿನಕ್ಕೆ ಎಷ್ಟು ಸಲ ಹೇಳಿದೆನೋ. ಅವಳಿಗೆ ಆಗ ಬರ್ತಿದ್ದದ್ದು ಹದಿನೈದು ಇಪ್ಪತ್ತು ಪದ, ಅದರಲ್ಲಿ ‘ದೂಲ’ ಕೂಡ ಸೇರಿಕೊಂಡಿತು. ಗೊಂಬೆಗೆ ಬೆರಳು ತೋರಿಸಿ “ದೂಲ” ಅಂತಿದ್ದಳು.

ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಉಪಾಯ ಸಿಗುತ್ತೆ. ಹಾಲು ಕುಡಿಸೋವಾಗ ಮಾತ್ರ ತೆಗೆಯುವ ಆಟಿಕೆ ಬುಟ್ಟಿ ಇಟ್ಟುಕೊಳ್ಳಿ ಅಂತಿತ್ತು. ಇಟ್ಟುಕೊಂಡೆ. ಎರಡು ದಿನ ನಡೀತು. ಮೂರನೇ ದಿನ ಅವಳು ಬುಟ್ಟಿ ಬೋರಲು ಹಾಕಿ ಅದರೊಳಗೆ ತಾನೇ ಕೂತು ನನ್ನ ಕಡೆ ಕೈ ಚಾಚಿದಳು. ಅವಳಿಗೂ ಒಂದು ಗೊಂಬೆ ಮಗು ಕೊಡಿ, ಅವಳು ಅದನ್ನ ನೋಡಿಕೊಳ್ಳಲಿ ಅಂತಿತ್ತು. ಕೊಟ್ಟೆ. ಅದು ಮಾರನೇ ದಿನ ಕಸದ ಡಬ್ಬಿಯಲ್ಲಿ ತಲೆಕೆಳಗಾಗಿ ಸಿಕ್ಕಿತು. ಸಂದೇಶ ಸ್ಪಷ್ಟವಾಗಿತ್ತು.

ಇನ್ನು ಹೆಬಾಮೆ. ಅಂದರೆ ಇಲ್ಲಿನ ಸೂಲಗಿತ್ತಿ. ಹೆರಿಗೆ ಆದ ಮೇಲೆ ಮೊದಲ ಹತ್ತು ದಿನ ಬೇಕಾದರೆ ದಿನಾ, ಆಮೇಲೆ 12 ವಾರದ ತನಕ ಅಗತ್ಯ ನೋಡಿಕೊಂಡು, ಮನೆಗೇ ಬರ್ತಾರೆ. ಖರ್ಚು ಹೆಲ್ತ್ ಇನ್ಶೂರೆನ್ಸ್‌ನದು. ಈ ಸೌಲಭ್ಯ ಗೊತ್ತಿಲ್ಲದ ನಮ್ಮವರು ಇನ್ನೂ ಇದ್ದಾರೆ. ಬಸಿರು ಖಾತ್ರಿಯಾದ ವಾರವೇ ಹುಡುಕೋಕೆ ಶುರು ಮಾಡಿ, ಆಮೇಲೆ ಯಾರೂ ಸಿಗಲ್ಲ. ನಮ್ಮವರಿಗೆ ಸೂಲಗಿತ್ತಿ ಅಂದರೆ ಹಳೇ ಕಾಲದ, ಬಡವರ ಪಾಲಿನ ವ್ಯವಸ್ಥೆ ಅನ್ನೋ ಭಾವನೆ ಇದೆ. ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗಲೂ, ಅದೇ ಜಿಲ್ಲೆಯವಳಾದ ನಾನು, ಅಯ್ಯೋ ಪಾಪ ಅಜ್ಜಿ ಎಷ್ಟು ಹೆರಿಗೆ ಮಾಡಿಸಿದಾರೆ ಅಂತ ಪೇಪರ್ ಮಡಚಿಟ್ಟಿದ್ದೆ. ಅವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು, ದುಡ್ಡು ತಗೊಳ್ಳದೆ. ಅದರ ಬೆಲೆ ನನಗೆ ಗೊತ್ತಾಗೋಕೆ ಜರ್ಮನಿಗೆ ಬಂದು ಎರಡು ಸಲ ಹೆರಬೇಕಾಯ್ತು.

ನನ್ನ ಹೆಬಾಮೆಗೆ ಅರುವತ್ತರ ಹತ್ತಿರ. ಸೈಕಲ್ಲಿನಲ್ಲಿ ಬರೋದು. ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿ ಬಾಣಂತಿಗೆ ಕೊಡ್ತೀವಿ, ಹಾಲು ಹೆಚ್ಚುತ್ತೆ ಅಂತ ಅಂದಾಗ ಆಕೆಗೆ ಖುಷಿಯೋ ಖುಷಿ. ಇಲ್ಲಿನವರು ಅದೇ ಸೊಪ್ಪನ್ನ ಸೌತೆಕಾಯಿ ಸಲಾಡಿಗೆ, ಮೀನಿಗೆ ಹಾಕ್ತಾರೆ, ಯಾವ ಅಂಗಡಿಯಲ್ಲಾದರೂ ಸಿಗುತ್ತೆ. ಆಕೆ ಹೇಳಿದ ಹಾಲು ಹೆಚ್ಚಿಸೋ ಟೀಯಲ್ಲಿ ಇದ್ದದ್ದು ಸೋಂಪು, ಶಾಹಿ ಜೀರಿಗೆ. ಅಮ್ಮ ವಿಡಿಯೋದಲ್ಲಿ ಆ ಪೊಟ್ಟಣ ನೋಡಿ “ಇದಕ್ಕೆ ಜರ್ಮನಿಗೆ ಹೋಗ್ಬೇಕಿತ್ತಾ?” ಅಂದರು.

ಈಗ ನವೆಂಬರ್ 16ರ ವಿಷಯ. ಬರೆಯೋದೋ ಬೇಡವೋ ಅಂತ ಮೂರು ಸಲ ಅಳಿಸಿದ್ದೇನೆ.

ರೈಲು ಚಾಲಕರ ಸಂಘ ಬುಧವಾರ ರಾತ್ರಿ ಹತ್ತರಿಂದ ಗುರುವಾರ ಸಂಜೆ ಆರರ ತನಕ ಮುಷ್ಕರ ಕರೆದಿತ್ತು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬೆಳಿಗ್ಗೆ ರೈಲು ಸಿಗುತ್ತೋ ಇಲ್ವೋ ಅಂತ ನಮ್ಮನೆಯವರು ಬುಧವಾರ ರಾತ್ರಿ ಕಾಸೆಲ್‌ನಲ್ಲೇ ಸಹೋದ್ಯೋಗಿಯ ಮನೆಯಲ್ಲಿ ಉಳಿದರು. ದೊಡ್ಡವಳಿಗೆ ಕೆಮ್ಮು, ಕೀಟಾ ಇಲ್ಲ. ಚಿಕ್ಕವನಿಗೆ ಸರಿಯಾಗಿ ಮೂವತ್ತು ದಿನ. ರಾತ್ರಿ ಒಂದು ಗಂಟೆಗೆ ಅವನು, ಎರಡಕ್ಕೆ ಇವಳು, ಮೂರಕ್ಕೆ ಅವನು, ಐದಕ್ಕೆ ಇಬ್ಬರೂ. ಬೆಳಗಾಯ್ತೋ ಇಲ್ಲವೋ ಅನ್ನೋದು ಗೊಟಿಂಗೆನ್‌ನ ನವೆಂಬರ್‌ನಲ್ಲಿ ಗಡಿಯಾರ ನೋಡಿಯೇ ತಿಳಿಯಬೇಕು.

ಮಧ್ಯಾಹ್ನ ಎರಡರ ಹೊತ್ತಿಗೆ ಸೋಫಾದಲ್ಲಿ ಕೂತು ಹಾಲು ಕುಡಿಸ್ತಿದ್ದೆ. ದೊಡ್ಡವಳು ಪುಸ್ತಕ ತಂದಳು. ತಡಿ ಅಂದೆ. ಬಾಲ್ ತಂದಳು. ತಡಿ ಅಂದೆ. ನನ್ನ ಮೊಣಕಾಲು ಹತ್ತೋಕೆ ನೋಡಿದಳು, ಕಾಲಲ್ಲೇ ಪಕ್ಕಕ್ಕೆ ಸರಿಸಿದೆ. ಮರದ ಬಿಲ್ಡಿಂಗ್ ಬ್ಲಾಕ್ ಒಂದನ್ನ ತಗೊಂಡು ಎಸೆದಳು. ಅದು ಚಿಕ್ಕವನ ಕಿವಿ ಪಕ್ಕ ಸವರಿಕೊಂಡು ಹೋಯ್ತು. ನಾನು ಅವಳ ಕೈ ಮೇಲೆ ಹೊಡೆದೆ. ಫಟ್ ಅಂತ ಸದ್ದು ಬರುವ ಹಾಗೆ. “ಇಷ್ಟು ದೊಡ್ಡವಳಾಗಿದೀಯ, ಬುದ್ಧಿ ಇಲ್ವಾ?” ಅಂತ ಕಿರುಚಿದೆ. ಕನ್ನಡದಲ್ಲೇ.

ಅವಳು ಅಳಲಿಲ್ಲ. ತನ್ನ ಕೈ ನೋಡಿಕೊಂಡಳು. ಆಮೇಲೆ ನಿಧಾನಕ್ಕೆ ನಡೆದು ಹೋದಳು. ಕಾರಿಡಾರಿನಿಂದ ಸದ್ದಿಲ್ಲ. ಚಿಕ್ಕವನನ್ನ ಹಾಗೇ ಎದೆಗೆ ಒತ್ತಿಕೊಂಡು ಎದ್ದು ಹೋಗಿ ನೋಡಿದರೆ, ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಾಳೆ. ಒಂದು ಬೂಟು ಕಾಲಲ್ಲಿದೆ, ಎಡದ್ದು ಬಲಕ್ಕೆ. ಇನ್ನೊಂದು ಕೈಯಲ್ಲಿ. ನನ್ನ ನೋಡಿ “ಟಾಟಾ” ಅಂದಳು.

ಆಮೇಲೆ ಅಳು ಬಂದದ್ದು ನನಗೆ. ನನ್ನ ನೋಡಿ ಅವಳಿಗೆ, ಅವಳ ಸದ್ದಿಗೆ ಚಿಕ್ಕವನಿಗೆ. ಬಾಗಿಲ ಹತ್ತಿರ ಮೂರೂ ಜನ ನೆಲದ ಮೇಲೆ ಕೂತು ಅಳ್ತಿದ್ದಾಗ ಬೆಲ್ ಆಯ್ತು. ಹೆಬಾಮೆ. ಅವತ್ತು ಬರೋದಿತ್ತು ಅನ್ನೋದೇ ಮರೆತಿತ್ತು.

ಆಕೆ ಏನೂ ಕೇಳಲಿಲ್ಲ. ರೇನ್‌ಕೋಟ್ ಬಿಚ್ಚಿ ಬಾಗಿಲ ಹಿಂದೆ ನೇತು ಹಾಕಿದಳು. ಚಿಕ್ಕವನ ಕಡೆ ತಿರುಗಿಯೂ ನೋಡದೆ ದೊಡ್ಡವಳ ಎದುರು ನೆಲದ ಮೇಲೆ ಕೂತು ಆ ಇನ್ನೊಂದು ಬೂಟು ಹಾಕಿದಳು. ಆಮೇಲೆ ಎರಡನ್ನೂ ಬಿಚ್ಚಿದಳು. ಮಕ್ಕಳನ್ನ ತೂಗೋಕೆ ಆಕೆ ಹತ್ತಿರ ಒಂದು ಕೊಕ್ಕೆಯ ತಕ್ಕಡಿ, ಅದಕ್ಕೆ ಜೋಳಿಗೆ ಹಾಗೆ ಒಂದು ಬಟ್ಟೆ ಇರುತ್ತೆ. ಪ್ರತಿಸಲ ಬಂದಾಗ ಚಿಕ್ಕವನನ್ನ ಅದರಲ್ಲಿ ತೂಗಿ ಪುಸ್ತಕದಲ್ಲಿ ಬರೀತಿದ್ದಳು, ದೊಡ್ಡವಳು ದೂರದಲ್ಲಿ ನಿಂತು ನೋಡ್ತಿದ್ದಳು. ಅವತ್ತು ಆ ಬಟ್ಟೆಯನ್ನ ನೆಲದ ಮೇಲೆ ಹರಡಿ ದೊಡ್ಡವಳಿಗೆ “ಬಾ” ಅಂತ ಕೈ ಮಾಡಿದಳು. ಇವಳು ನನ್ನ ಮುಖ ನೋಡಿದಳು. ಹೋಗಿ ಅದರ ನಡುವೆ ಕೂತಳು, ಆಮೇಲೆ ತಾನಾಗೇ ಮಲಗಿಬಿಟ್ಟಳು, ತಮ್ಮ ಮಲಗುವ ಹಾಗೇ, ಕಾಲು ಮಡಚಿಕೊಂಡು. ಹೆಬಾಮೆ ಎದ್ದು ನಿಂತು ಉಸಿರು ಬಿಗಿ ಹಿಡಿದು ಎತ್ತಿದಳು. ಒಂಬತ್ತು ಕೆಜಿ ಏಳು ನೂರು ಗ್ರಾಂ. ಬಟ್ಟೆಯೊಳಗಿಂದ ನಗುವ ಸದ್ದು. ಎಷ್ಟು ದಿನ ಆಗಿತ್ತೋ ನಾನು ಅದನ್ನ ಕೇಳಿ. ಪುಸ್ತಕದಲ್ಲಿ ಅವಳಿಗೆ ಜಾಗ ಇರಲಿಲ್ಲ, ಒಂದು ಚೀಟಿಯಲ್ಲಿ ತೂಕ ಬರೆದು, ದಿನಾಂಕ ಹಾಕಿ, ಅವಳ ಕೈಗೇ ಕೊಟ್ಟಳು.

ಹೆಬಾಮೆ ನನ್ನ ಕಡೆ ತಿರುಗಿ “ಇವಳೂ ಇನ್ನೂ ಪಾಪುನೇ” ಅಂತ ಮಾತ್ರ ಅಂದಳು. ಬೈದ ಹಾಗಿರಲಿಲ್ಲ. ತೂಕ ಹೇಳಿದ ಹಾಗೇ ಹೇಳಿದಳು.

ಆಮೇಲೆ ಒಂದು ಕಾಗದ ಮುಂದಿಟ್ಟಳು. ಹತ್ತು ಪ್ರಶ್ನೆ, ಕಳೆದ ಏಳು ದಿನ ಹೇಗಿದ್ದೆ ಅಂತ. ಎಡಿನ್‌ಬರೋ ಪ್ರಶ್ನಾವಳಿ ಅಂತ ಹೆಸರು, 1987ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದದ್ದು, ಈಗ ಬೇರೆ ಬೇರೆ ದೇಶಗಳಲ್ಲಿ ಬಳಸ್ತಾರೆ. ಹೆರಿಗೆ ನಂತರದ ಡಿಪ್ರೆಶನ್ ಇರಬಹುದಾ ಅಂತ ಮೊದಲ ಸುತ್ತಿನಲ್ಲಿ ನೋಡೋಕೆ. ಅದನ್ನ ನೋಡಿ ನನ್ನ ಕೈ ತಣ್ಣಗಾಯ್ತು. ಯಾಕೆ ಅಂತ ಇಲ್ಲಿರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಯೂಗೆಂಡ್‌ಆಮ್ಟ್. ಮಕ್ಕಳ ಇಲಾಖೆಯ ಹೆಸರು ಬಂದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮಕ್ಕಳನ್ನ ಕಿತ್ಕೊಂಡು ಹೋಗ್ತಾರಂತೆ ಅನ್ನೋ ಮಾತು. ಜರ್ಮನಿಯಲ್ಲಿ 2000ನೇ ಇಸವಿಯಿಂದ ಮಗುಗೆ ಹೊಡೆತವಿಲ್ಲದೆ ಬೆಳೆಯುವ ಹಕ್ಕು ಕಾನೂನಿನಲ್ಲೇ ಇದೆ. ನಾನು ಅರ್ಧ ಗಂಟೆ ಮುಂಚೆ ಹೊಡೆದಿದ್ದೇನೆ. ಈಗ ಇದರಲ್ಲಿ ನಿಜ ಬರೆದರೆ?

ಊರಲ್ಲೂ ನಿಜ ಹೇಳಿರಲಿಲ್ಲ. ಅಳು ಬರುತ್ತೆ ಅಂತ ಅಮ್ಮನಿಗೆ ಒಂದೇ ಒಂದು ಸಲ ಅಂದಿದ್ದಕ್ಕೆ “ತಲೆಗೆ ಬಟ್ಟೆ ಕಟ್ಕೊಂಡಿದೀಯಾ? ಗಾಳಿ ಸೋಕಿದ್ರೆ ಸನ್ನಿ ಆಗುತ್ತೆ” ಅಂತ ಹೆದರಿ, ಅಪ್ಪನ ಹತ್ತಿರ ಹೇಳಿ, ಅಪ್ಪನ ಬಿಪಿ ಏರಿತ್ತು. ನಮ್ಮಲ್ಲಿ ಬಾಣಂತಿಯ ಮನಸ್ಸಿಗೆ ಇರೋದು ಎರಡೇ ಹೆಸರು: ಒಂದು ‘ಚೆನ್ನಾಗಿದಾಳೆ’, ಇನ್ನೊಂದು ‘ಬಾಣಂತಿ ಸನ್ನಿ’. ನಡುವೆ ಏನೂ ಇಲ್ಲ. ನಿಜವಾದ ಸನ್ನಿ ಅಂದರೆ ಇಲ್ಲದ್ದು ಕಾಣೋದು, ಕೇಳಿಸೋದು. ಅಪರೂಪ, ತಕ್ಷಣ ಆಸ್ಪತ್ರೆಗೆ ಹೋಗಬೇಕಾದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂಥ ತಾಯಂದಿರನ್ನ ಮಗುವಿನ ಜೊತೆಗೇ ಸೇರಿಸಿಕೊಳ್ಳುವ ವಾರ್ಡೇ ಇದೆ. ನನ್ನದು ಅದಲ್ಲ. ನನ್ನದು ಆ ಎರಡು ಹೆಸರಿನ ನಡುವಿನ ಜಾಗ.

ಹೊಡೆದೆ ಅಂತ ಹೇಳಿದೆ. ಕಾಗದ ತುಂಬೋ ಮೊದಲೇ ಬಾಯಿಂದ ಬಂದುಬಿಟ್ಟಿತು, ಮುರುಕು ಜರ್ಮನ್‌ನಲ್ಲಿ, ವ್ಯಾಕರಣ ಎಲ್ಲ ತಪ್ಪು. ಹೆಬಾಮೆ ಟೀ ಲೋಟ ಕೆಳಗಿಟ್ಟಳು. ನಾನು ಏನು ಕೇಳಿದರೂ ಗುಟ್ಟಾಗಿಡುವುದು ನನ್ನ ವೃತ್ತಿಯ ನಿಯಮ ಅಂದಳು. ಆಮೇಲೆ ಕೇಳಿದ ಪ್ರಶ್ನೆ: “ನಿನ್ನೆ ಎಷ್ಟು ಗಂಟೆ ನಿದ್ದೆ ಮಾಡಿದೆ? ಮನೆಗೆ ಸಹಾಯಕ್ಕೆ ಯಾರು ಬರ್ತಾರೆ?” ಯಾರೂ ಇಲ್ಲ ಅಂದೆ. “ಇನ್ಶೂರೆನ್ಸ್‌ನವರಿಗೆ ಕೇಳಿದೀಯಾ?” ಏನನ್ನ ಕೇಳೋದು?

ಆಗ ಗೊತ್ತಾಯ್ತು. ಹೆರಿಗೆಯ ಕಾರಣದಿಂದ ತಾಯಿಗೆ ಮನೆ ನಡೆಸೋಕೆ ಆಗದೇ ಇದ್ದು, ಮನೆಯಲ್ಲಿ ಬೇರೆ ಯಾರೂ ಅದನ್ನ ಮಾಡೋ ಸ್ಥಿತಿಯಲ್ಲಿ ಇಲ್ಲ ಅಂದರೆ, ಇಲ್ಲಿನ ಸರ್ಕಾರಿ ವ್ಯವಸ್ಥೆಯ ಹೆಲ್ತ್ ಇನ್ಶೂರೆನ್ಸ್ ಮನೆಕೆಲಸದ ಸಹಾಯಕ್ಕೆ ದುಡ್ಡು ಕೊಡುತ್ತೆ. ಹೌಸ್‌ಹಾಲ್ಟ್ಸ್‌ಹಿಲ್ಫೆ ಅಂತ ಅದರ ಹೆಸರು. ಬರೆದಿಟ್ಟುಕೊಳ್ಳಿ, ನಿಮಗೆ ಅಲ್ಲದಿದ್ದರೂ ಗೆಳತಿಗೆ ಬೇಕಾಗಬಹುದು. ಡಾಕ್ಟರ್ ಅಥವಾ ಹೆಬಾಮೆಯ ಪತ್ರ ಬೇಕು. ಅವಳು ಅಲ್ಲೇ ಕೂತು ಬರೆದಳು. ನನಗೆ ಎರಡು ವಾರ, ದಿನಕ್ಕೆ ನಾಲ್ಕು ಗಂಟೆ ಸಿಕ್ಕಿತು. ಅಂಕ ಎಷ್ಟು ಬಂತು ಅಂತ ಇಲ್ಲಿ ಬರೆಯಲ್ಲ. ಡಾಕ್ಟರ್ ಹತ್ತಿರ ಮಾತಾಡಬೇಕು ಅನ್ನುವಷ್ಟಿತ್ತು, ಮಾತಾಡಿದೆ, ಕೆಲವು ತಿಂಗಳು ಹಿಡಿಯಿತು. ಇಲಾಖೆಯಿಂದ ಯಾರೂ ಬರಲಿಲ್ಲ. ಅವತ್ತು ರಾತ್ರಿಯೇ ನಮ್ಮನೆಯವರು ಜನವರಿ ಮಧ್ಯದಿಂದ ಎರಡು ತಿಂಗಳ ರಜೆಗೆ ಅರ್ಜಿ ಬರೆದರು. ಅವರ ಬಾಸ್ ಓದಿ “ಶುಭಾಶಯ” ಅಂದನಂತೆ, ಅಷ್ಟೇ. ಇದಕ್ಕೆ ಮೂರು ತಿಂಗಳು ಹೆದರಿದ್ವಿ.

ಸಂಘದ ಹುಡುಗರ ವಿಷಯಕ್ಕೂ ಬರಬೇಕು. ರಾಜ್ಯೋತ್ಸವಕ್ಕೆ ನಾನು ಬಂದಿಲ್ಲ ಅಂತ ಗುಂಪಿನಲ್ಲಿ ತುಂಬ ಜನ ಮೆಸೇಜ್ ಹಾಕಿದ್ದರು, “ಅಕ್ಕಾ, ಏನಾದ್ರೂ ಬೇಕಾದ್ರೆ ಹೇಳಿ” ಅಂತ. ಎಲ್ಲರಿಗೂ ನನ್ನದು ಒಂದೇ ಉತ್ತರ, “ಏನೂ ಬೇಡ, ಎಲ್ಲ ಚೆನ್ನಾಗಿದೆ” ಮತ್ತು ಎರಡು ನಗುವ ಮುಖ. ಅವರದು ತಪ್ಪಿಲ್ಲ. ಬೇಕಾದ್ರೆ ಹೇಳಿ ಅಂದರೆ ನಾವು ಹೇಳೋ ಜನ ಅಲ್ಲ. ಒಬ್ಬ ಮಾತ್ರ, ಹಾಸನದ ಕಡೆಯ ಮಾಸ್ಟರ್ಸ್ ಹುಡುಗ, ಬೇರೆ ಥರ ಬರೆದ: “ಅಕ್ಕಾ, ಮಂಗಳವಾರ ನಾಲ್ಕಕ್ಕೆ ಬರ್ತೀನಿ. ಪುಟ್ಟೀನ ಬಸ್ ನೋಡೋಕೆ ಕರ್ಕೊಂಡು ಹೋಗ್ತೀನಿ.” ಬೇಡ ಅನ್ನೋಕೆ ಅದರಲ್ಲಿ ಪ್ರಶ್ನೆಯೇ ಇರಲಿಲ್ಲ. ಬಂದ. ನಾಲ್ಕೂಕಾಲಿಗೇ ಕತ್ತಲಾಗ್ತಿತ್ತು. ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತು ಬಂದ ಬಸ್ಸಿಗೆಲ್ಲ ಇಬ್ಬರೂ ಟಾಟಾ ಮಾಡಿ ವಾಪಸ್ ಬರೋರು. ಬರುವಾಗ ಅವಳು ಅವನ ಹೆಗಲ ಮೇಲೆ. ಅವನ ಹತ್ತಿರ ಮಕ್ಕಳನ್ನ ನೋಡಿಕೊಂಡ ಅನುಭವ ಏನೂ ಇರಲಿಲ್ಲ, ಡೈಪರ್ ಅಂದರೆ ಓಡಿ ಹೋಗ್ತಿದ್ದ. ಆದರೆ ಆ ಅರ್ಧ ಗಂಟೆ ಅವಳು ಯಾರ ಅಕ್ಕನೂ ಅಲ್ಲ. ಮಾರ್ಚ್ ತನಕ ಒಂದು ಮಂಗಳವಾರವೂ ತಪ್ಪಿಸಲಿಲ್ಲ. ಪರೀಕ್ಷೆ ವಾರದಲ್ಲಿ ರೂಮ್‌ಮೇಟ್‌ನ ಕಳಿಸಿದ.

ನಾನು ಮಾಡಿದ ಬದಲಾವಣೆ ತೀರಾ ಸಣ್ಣದು, ಆದರೆ ಅದರಷ್ಟು ಕೆಲಸ ಮಾಡಿದ್ದು ಇನ್ನೊಂದಿಲ್ಲ. ಇಡೀ ದಿನ ಅವಳಿಗೆ ‘ತಡಿ, ಪಾಪು ಹಾಲು ಕುಡೀಲಿ’ ಅಂತಿದ್ದೆನಲ್ಲ, ಅದನ್ನ ತಿರುಗಿಸಿದೆ. ಚಿಕ್ಕವನು ತೊಟ್ಟಿಲಲ್ಲಿ ಕುಂಯ್ ಅಂದಾಗ, ಅವಳಿಗೆ ಕೇಳಿಸುವ ಹಾಗೆ ಜೋರಾಗಿ, “ಒಂದು ನಿಮಿಷ ತಡಿ ಕಂದಾ, ಅಕ್ಕಂದು ಪುಸ್ತಕ ಮುಗೀಲಿ” ಅನ್ನೋದು. ಅವನಿಗೆ ಅರ್ಥವಾಗಲ್ಲ, ಒಂದು ನಿಮಿಷಕ್ಕೆ ಅವನಿಗೇನೂ ಆಗೋದೂ ಇಲ್ಲ. ಅವಳಿಗೆ ಮಾತ್ರ ಎಲ್ಲ ಅರ್ಥವಾಗ್ತಿತ್ತು. ಮೊದಲ ದಿನ ಕಣ್ಣರಳಿಸಿ ತೊಟ್ಟಿಲ ಕಡೆ ನೋಡಿದಳು. ನಾಲ್ಕೈದು ದಿನ ಕಳೆದ ಮೇಲೆ ಅವಳೇ ತೊಟ್ಟಿಲ ಹತ್ತಿರ ಹೋಗಿ ಬೆರಳೆತ್ತಿ “ತಲಿ” ಅಂದಳು. ‘ದೂಲ’ ಹೋಗಿ ‘ತಲಿ’ ಬಂತು. ಇನ್ನೊಂದು, ಅಡುಗೆಮನೆಯ ತಕ್ಕಡಿ. ಹೆಬಾಮೆ ಕೊಟ್ಟ ಚೀಟಿ ಹಿಡ್ಕೊಂಡು ದಿನಾ “ತೂಕ, ತೂಕ” ಅಂತ ಬರೋಳು. ಹಿಟ್ಟು ತೂಗುವ ತಕ್ಕಡಿ ಐದು ಕೆಜಿಗೇ ಸುಸ್ತು. ಅದಕ್ಕೆ ಅವಳ ಒಂದು ಕಾಲು ಮಾತ್ರ ಇಡಿಸಿ, ಬಾಯಿಗೆ ಬಂದ ನಂಬರ್ ಹೇಳ್ತಿದ್ದೆ.

ಎಲ್ಲ ಸರಿಹೋಯ್ತು ಅಂತೇನಿಲ್ಲ. ಥೀಸಿಸ್ ಒಂದು ವರ್ಷ ಹಿಂದೆ ಬಿತ್ತು. ಇಲ್ಲಿ ಡಾಕ್ಟರೇಟ್ ಮುಗಿಸಿದವರು ಹಳೇ ಟೌನ್ ಹಾಲ್ ಮುಂದಿನ ಗೆನ್ಸೆಲೀಜೆಲ್ ಪ್ರತಿಮೆಗೆ ಮುತ್ತು ಕೊಡೋ ಪದ್ಧತಿ ನಿಮಗೆಲ್ಲ ಗೊತ್ತು. ನನ್ನ ಜೊತೆ ಸೇರಿದವರೆಲ್ಲ ಕೊಟ್ಟಾಯ್ತು. ಅಕ್ಕ ತಮ್ಮ ಈಗಲೂ ದಿನಕ್ಕೆ ಹತ್ತು ಸಲ ಜಗಳ ಆಡ್ತಾರೆ, ಅವಳು ಕನ್ನಡದಲ್ಲಿ ‘ನಂದು’, ಅವನು ಜರ್ಮನ್‌ನಲ್ಲಿ ‘ನೈನ್’. ಅಮ್ಮ ಕಳೆದ ಬೇಸಿಗೆಯಲ್ಲಿ ಬಂದು ಹೋದರು, ಅಪ್ಪನೂ ಬಂದಿದ್ದರು, ಐವತ್ತೆರಡು ಮೆಟ್ಟಿಲನ್ನ ನಾಲ್ಕು ಸಲ ನಿಂತು ಹತ್ತಿದರು.

ಮೊನ್ನೆ ಏಪ್ರಿಲ್‌ನಲ್ಲಿ ಚಿಕ್ಕವನಿಗೆ ಹದಿನೆಂಟು ತಿಂಗಳು ತುಂಬಿತು. ಸಂಜೆ ಅವನು ನೆಲದ ಮೇಲೆ ಕೂತು ಬೂಟು ಹಾಕ್ಕೊಳ್ತಿದ್ದ, ಎಡದ್ದು ಬಲಕ್ಕೆ. ನಾನು ಹಾಗೇ ನಿಂತುಬಿಟ್ಟೆ. ಕುತ್ತಿಗೆ ಅನ್ನೋದೇ ಇನ್ನೂ ಸರಿಯಾಗಿ ಇಲ್ಲ, ಹಿಮ್ಮಡಿ ಮೆತ್ತಗೆ, ಬೀಳೋ ಮುಂಚೆ ಕೈ ಊರಬೇಕು ಅನ್ನೋದೂ ಗೊತ್ತಿಲ್ಲ. ಇಷ್ಟೇನಾ ಒಂದೂವರೆ ವರ್ಷ ಅಂದರೆ? ಅವನನ್ನ ನಾವು ಈಗಲೂ ಕರೆಯೋದು ಪಾಪು ಅಂತ.

ಒಳಗೆ ಹೋಗಿ ಫೈಲಿನಲ್ಲಿದ್ದ ಆ ಚೀಟಿ ಹುಡುಕಿದೆ. 16.11.2023, 9,7. ಆಮೇಲೆ ಅವನನ್ನ ಎತ್ತಿಕೊಂಡು ಬಾತ್‌ರೂಮಿನ ತಕ್ಕಡಿ ಮೇಲೆ ನಿಂತು, ನನ್ನ ತೂಕ ಕಳೆದೆ. ಹತ್ತು ಕೆಜಿ ಆರು ನೂರು. ಅವತ್ತಿನ ಅವಳಿಗಿಂತ ಒಂಬೈನೂರು ಗ್ರಾಂ ಜಾಸ್ತಿ. ಇವನನ್ನ ನಾನು ಇವತ್ತಿಗೂ ಎತ್ಕೊಂಡೇ ಮೆಟ್ಟಿಲು ಹತ್ತುತ್ತೇನೆ. ಮಗಳು ಬಾಗಿಲಲ್ಲಿ ನಿಂತು ನೋಡ್ತಿದ್ದಳು. “ಅಮ್ಮಾ, ನಂದೂ ತೂಕ” ಅಂದಳು. ಅವನನ್ನ ಕೆಳಗಿಳಿಸಿ ಅವಳನ್ನ ಎತ್ತಿಕೊಂಡೆ. ಈಗ ಹದಿಮೂರೂವರೆ.